ಪದದ ಮನೆ ಯಾವುದು ಎಂದು ಮೊದಲು ಕೇಳಿ: ಟ್ರಾನ್ಸ್, ಕ್ರಾಸ್‌ಡ್ರೆಸ್ಸಿಂಗ್ ಲೋಕದ ಮಾತುಗಳಿಗೊಂದು ಕೈಪಿಡಿ

ಏಳೆಂಟು ವರ್ಷದ ಹಿಂದಿನ ಮಾತು. ಇಂಗ್ಲಿಷ್ ವರದಿಯೊಂದನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅದರಲ್ಲಿ ಹೊಸಪೇಟೆ ಕಡೆಯ, ದೇವಿಯ ಒಕ್ಕಲಾದ ಜೋಗತಿಯೊಬ್ಬರ ಬದುಕಿನ ವಿವರ ಇತ್ತು. ಮೂಲದಲ್ಲಿ ‘ಟ್ರಾನ್ಸ್‌ಜೆಂಡರ್’ ಎಂದಿದ್ದ ಕಡೆಯಲ್ಲೆಲ್ಲ ನಾನು ‘ಲಿಂಗ ಪರಿವರ್ತಿತ’ ಎಂದು ಬರೆಯುತ್ತ ಹೋದೆ. ಅಚ್ಚಿಗೆ ಕಳಿಸುವ ಮೊದಲು ಅವರಿಗೇ ಒಮ್ಮೆ ಫೋನಿನಲ್ಲಿ ಓದಿ ಹೇಳಿದೆ. ಎರಡನೇ ವಾಕ್ಯಕ್ಕೇ ತಡೆದರು. ‘ನಾ ಏನ್ ಪರಿವರ್ತನಿ ಆಗೀನಿ ತಮ್ಮಾ? ಆಪರೇಶನ್ ಇಲ್ಲ, ಏನಿಲ್ಲ. ಅವ್ವ ಕರದ್ಲು, ಮುತ್ತು ಕಟ್ಟಿಸ್ಕೊಂಡೆ. ಜೋಗತಿ ಅಂತ ಬರಿ, ಮಂದಿಗೆ ತಿಳೀತದ.’

ನಿಘಂಟು ನೋಡಿಯೇ ಬರೆದಿದ್ದೆ. ಆದರೆ ಆ ಪದ ಅವರ ಮನೆಯದಲ್ಲ, ಆಸ್ಪತ್ರೆಯದು. ಈ ಲೋಕದ ಮಾತುಗಳು ಐದು ಕಡೆಯಿಂದ ಬಂದಿವೆ: ಗುಡಿಯಿಂದ, ಹಮಾಮಿನಿಂದ (ಹಿಜ್ರಾ ಸಮುದಾಯದವರು ಒಟ್ಟಿಗೆ ಬಾಳುವ ಮನೆಯಿಂದ), ಆಸ್ಪತ್ರೆಯಿಂದ, ಕಚೇರಿಯಿಂದ, ಮೊಬೈಲಿನಿಂದ. ಯಾವ ಪದ ಎಲ್ಲಿಯದು ಎಂದು ಗೊತ್ತಾದರೆ ಅರ್ಧ ತಪ್ಪು ತಾನೇ ನಿಲ್ಲುತ್ತದೆ. ಸುದ್ದಿ ಬರೆಯುವವರು, ಪಾಠ ಮಾಡುವವರು, ಕೌಂಟರಿನಲ್ಲಿ ಕೂತವರು, ಮಗ ಅಥವಾ ಮಗಳು ಒಂದು ಸಂಜೆ ಎದುರು ಕೂತು ಬಾಯಿಬಿಟ್ಟಾಗ ಮಾತು ಸಿಗದೆ ಒದ್ದಾಡಿದ ಅಪ್ಪ ಅಮ್ಮಂದಿರು, ತನ್ನನ್ನೇ ಏನೆಂದು ಕರೆದುಕೊಳ್ಳಲಿ ಎಂದು ಹುಡುಕುತ್ತಿರುವವರು, ಇವರೆಲ್ಲರನ್ನೂ ಮನಸ್ಸಿನಲ್ಲಿಟ್ಟು ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ನಾಲ್ಕು ಪ್ರಶ್ನೆಗಳನ್ನು ಬಿಡಿಸಿಕೊಳ್ಳಿ

ಕನ್ನಡದಲ್ಲಿ ‘ಲಿಂಗ’ ಎಂಬ ಒಂದೇ ಪದದ ಮೇಲೆ ವಿಪರೀತ ಹೊರೆ. ವಿಜ್ಞಾನದ ಪಾಠದಲ್ಲೂ ಅದೇ, ವ್ಯಾಕರಣದಲ್ಲೂ ಅದೇ, ರೇಷನ್ ಕಾರ್ಡಿನ ಅರ್ಜಿಯಲ್ಲೂ ಅದೇ, ಗರ್ಭಗುಡಿಯಲ್ಲೂ ಅದೇ. ಹಾಗಾಗಿ ಮೊದಲು ನಾಲ್ಕು ಬೇರೆ ಬೇರೆ ಪ್ರಶ್ನೆಗಳನ್ನು ಬೇರೆಯಾಗಿಯೇ ಇಟ್ಟುಕೊಳ್ಳಿ.

ಕೂಸು ಹುಟ್ಟಿದ ಗಳಿಗೆ ಹೆರಿಗೆ ಮಾಡಿಸಿದವರು ಮೈ ನೋಡಿ ಗಂಡು ಅಂದರೋ ಹೆಣ್ಣು ಅಂದರೋ? ಅದು ಹುಟ್ಟಿನ ಲಿಂಗ. ಬೆಳೆದ ಮೇಲೆ ಆ ಜೀವಕ್ಕೆ ತಾನು ಯಾರು ಎಂದು ಒಳಗಿನಿಂದ ಅನ್ನಿಸುತ್ತದೆ? ಅದು ಲಿಂಗತ್ವ. ಉಡುಪು, ಕೂದಲು, ನಡಿಗೆ, ದನಿಯಲ್ಲಿ ಹೊರಗೆ ಏನು ತೋರುತ್ತದೆ? ಅದು ಲಿಂಗತ್ವದ ಅಭಿವ್ಯಕ್ತಿ. ಮನಸ್ಸು ಯಾರ ಕಡೆಗೆ ಎಳೆಯುತ್ತದೆ? ಅದು ಲೈಂಗಿಕ ಒಲವು. ಒಂದರ ಉತ್ತರದಿಂದ ಇನ್ನೊಂದನ್ನು ಊಹಿಸಲು ಬರುವುದಿಲ್ಲ. ‘ಸೀರೆ ಉಡ್ತಾನೆ, ಅಂದ್ರೆ ಗೇ ಇರ್ಬೇಕು’ ಎನ್ನುವವರು ಮೂರನೇ ಪ್ರಶ್ನೆಯ ಉತ್ತರವನ್ನು ನಾಲ್ಕನೆಯದಕ್ಕೆ ಬರೆದಿದ್ದಾರೆ, ಅಷ್ಟೆ. ಹೆಣ್ಣುಡುಗೆ ತೊಡಲು ಇಷ್ಟಪಡುವ ಗಂಡಸು ಹೆಂಡತಿ ಮಕ್ಕಳೊಂದಿಗೆ ಸಂಸಾರ ಮಾಡಿಕೊಂಡಿರಬಹುದು. ಟ್ರಾನ್ಸ್ ಮಹಿಳೆಗೆ, ಅಂದರೆ ಹುಟ್ಟಿದಾಗ ಗಂಡು ಅನ್ನಿಸಿಕೊಂಡು ಒಳಗಿನಿಂದ ತಾನು ಹೆಣ್ಣು ಎಂದು ಅರಿತವರಿಗೆ, ಇನ್ನೊಬ್ಬ ಮಹಿಳೆಯ ಮೇಲೆ ಪ್ರೀತಿ ಹುಟ್ಟಬಹುದು.

ಇಲ್ಲೇ ಒಂದು ಗುಂಡಿ ಇದೆ, ಬಹಳ ಜನ ಬೀಳುತ್ತಾರೆ: ‘ದ್ವಿಲಿಂಗಿ’. ಹೈಸ್ಕೂಲಿನಲ್ಲಿ ದಾಸವಾಳ ಬಿಡಿಸಿ ಕೇಸರ, ಶಲಾಕೆ ಗುರುತಿಸಿದವರಿಗೆಲ್ಲ ಇದು ಗೊತ್ತಿರುವ ಪದ, ಗಂಡು ಹೆಣ್ಣು ಭಾಗಗಳು ಎರಡೂ ಇರುವ ಹೂವು. ಅದನ್ನು ಮನುಷ್ಯರಿಗೆ ತಂದು ಅಂಟಿಸಿದರೆ ಯಾರ ಬಗ್ಗೆ ಹೇಳುತ್ತಿದ್ದೇವೆಂದೇ ತಿಳಿಯುವುದಿಲ್ಲ. ಹುಟ್ಟಿನಿಂದಲೇ ದೇಹದ ಲಕ್ಷಣಗಳು ಗಂಡು ಅಥವಾ ಹೆಣ್ಣು ಎಂಬ ಮಾಮೂಲಿ ಅಚ್ಚಿಗೆ ಕೂರದವರನ್ನು ಅಂತರಲಿಂಗಿ ಎನ್ನಿ. ಗಂಡು ಹೆಣ್ಣು ಇಬ್ಬರ ಕಡೆಗೂ ಒಲವಿರುವವರನ್ನು ಉಭಯಲೈಂಗಿಕ ಎನ್ನಿ. ಮೊದಲನೆಯದು ದೇಹದ ಮಾತು, ಎರಡನೆಯದು ಮನಸ್ಸಿನ ಮಾತು, ಎರಡೂ ಟ್ರಾನ್ಸ್ ಎಂಬುದರ ಸಮಾನಾರ್ಥಕವಲ್ಲ. ಹಾಗೆಯೇ ‘ಲೈಂಗಿಕ ಅಲ್ಪಸಂಖ್ಯಾತರು’ ದೊಡ್ಡ ಕೊಡೆ, ಗೇ ಲೆಸ್ಬಿಯನ್ ಎಲ್ಲರೂ ಅದರಡಿ ಬರುತ್ತಾರೆ. ‘ಲಿಂಗತ್ವ ಅಲ್ಪಸಂಖ್ಯಾತರು’ ಎಂದರೆ ಎರಡನೇ ಪ್ರಶ್ನೆಗೆ ಸಂಬಂಧಪಟ್ಟವರು. ಪತ್ರಿಕೆಗಳಲ್ಲಿ ಒಂದೇ ಸುದ್ದಿಯೊಳಗೆ ಎರಡನ್ನೂ ಅದಲು ಬದಲು ಮಾಡುವುದನ್ನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ.

‘ಸಿಸ್’ ಕೇಳಿ ಕೆಲವರು ಬೈಗುಳವೆಂದುಕೊಳ್ಳುತ್ತಾರೆ. ಲ್ಯಾಟಿನ್‌ನಲ್ಲಿ ಟ್ರಾನ್ಸ್ ಎಂದರೆ ಆಚೆ ದಡ, ಸಿಸ್ ಎಂದರೆ ಈಚೆ ದಡ. ಹುಟ್ಟಿದಾಗ ಹೇಳಿದ್ದಕ್ಕೂ ಒಳಗಿನ ಅರಿವಿಗೂ ತಕರಾರಿಲ್ಲದವರು ಸಿಸ್. ಅಂದರೆ ನಮ್ಮಲ್ಲಿ ಹೆಚ್ಚಿನವರು.

ಹೆಜ್ಜೆ 2: ಸೀರೆ ಯಾಕೆ ಉಟ್ಟಿದ್ದಾರೆ ಎಂದು ಕೇಳಿಕೊಳ್ಳಿ

ಒಂದೇ ಇಳಕಲ್ ಸೀರೆಯನ್ನು ನಾಲ್ವರು ಉಟ್ಟು ನಿಂತಿದ್ದಾರೆ ಎಂದುಕೊಳ್ಳಿ. ನಾಲ್ವರೂ ಹುಟ್ಟಿದ್ದು ಗಂಡಾಗಿ. ಆದರೂ ನಾಲ್ವರಿಗೂ ಒಂದೇ ಪದ ಹೊಂದುವುದಿಲ್ಲ.

ಮೊದಲನೆಯವರು ಯಕ್ಷಗಾನದ ಸ್ತ್ರೀವೇಷಧಾರಿ. ಮಂಟಪ ಪ್ರಭಾಕರ ಉಪಾಧ್ಯರಂಥವರು ಸ್ತ್ರೀವೇಷವನ್ನು ಏಕವ್ಯಕ್ತಿ ಪ್ರದರ್ಶನವಾಗಿಯೇ ಬೆಳೆಸಿದರು. ಬೆಳಗಿನ ಜಾವ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಕೂತು ನೋಡಿ: ಮಂಗಳ ಹಾಡಿ ಮುಗಿದ ಮೇಲೆ ದಮಯಂತಿ ಬಂದು ಪೆಟ್ಟಿಗೆ ಪಕ್ಕ ಕೂರುತ್ತಾಳೆ, ಅಂಗೈಗೆ ತೆಂಗಿನೆಣ್ಣೆ ಸುರಿದುಕೊಂಡು ಮುಖಕ್ಕೆ ಹಚ್ಚುತ್ತಾಳೆ, ಹಳೇ ಬಟ್ಟೆಯಿಂದ ಒರೆಸುತ್ತಿದ್ದಂತೆ ಕೆನ್ನೆಯ ಬಣ್ಣದಡಿ ರಾತ್ರಿಯಿಡೀ ಬೆಳೆದ ಗಡ್ಡದ ಹಸಿರು ಕಾಣುತ್ತದೆ. ಲುಂಗಿ ಸುತ್ತಿಕೊಂಡು ಚಾ ಕುಡಿಯಲು ಹೋಗುವವರು ಒಬ್ಬ ಗಂಡಸು. ಇದು ವೇಷ. ದಕ್ಷಿಣ ಕನ್ನಡದಲ್ಲಿ ನವರಾತ್ರಿಗೆ ಹರಕೆ ಹೊತ್ತು ಹಾಕುವುದೂ ವೇಷವೇ. ಕಳಚಲೆಂದೇ ಹಾಕುವುದಕ್ಕೆ ಕನ್ನಡದ ಹೆಸರು ವೇಷ. ಆದ್ದರಿಂದಲೇ ಟ್ರಾನ್ಸ್ ಮಹಿಳೆಯ ಸುದ್ದಿಯಲ್ಲಿ ‘ಹೆಣ್ಣುವೇಷದಲ್ಲಿ ಬಂದಿದ್ದ ವ್ಯಕ್ತಿ’ ಎಂದು ಬರೆದರೆ ಅವರಿಗೆ ಚುಚ್ಚುತ್ತದೆ. ಅವರು ಸಂಜೆ ಮನೆಗೆ ಹೋಗಿ ಕಳಚಿಡುವಂಥದ್ದು ಅಲ್ಲಿ ಏನೂ ಇಲ್ಲ.

ಎರಡನೆಯವರದು ಡ್ರ್ಯಾಗ್. ಇದೂ ವೇದಿಕೆಯ ಮಾತೇ, ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ರಂಗಭೂಮಿಯ ಆಡುಮಾತಿನಿಂದ ಬಂದದ್ದು. ಈಗ ಬೆಂಗಳೂರಿನ ಕ್ಲಬ್ಬುಗಳಲ್ಲೂ ನಡೆಯುತ್ತದೆ. ಹೆಣ್ಣುಡುಗೆ, ಬಣ್ಣ, ಬಿನ್ನಾಣವನ್ನು ಬೇಕೆಂದೇ ಅತಿ ಮಾಡುವುದು ಅದರ ಸೊಗಸು. ಯಕ್ಷಗಾನದ ದೂರದ ನಂಟ ಎನ್ನಬಹುದು, ಎರಡೂ ಕಡೆಯವರು ಒಪ್ಪಲಿಕ್ಕಿಲ್ಲ.

ಮೂರನೆಯವರು ಕ್ರಾಸ್‌ಡ್ರೆಸ್ಸರ್. ವೇದಿಕೆಯಿಲ್ಲ, ಪ್ರೇಕ್ಷಕರಿಲ್ಲ, ಸಂಭಾವನೆಯಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ಒಂದು ಗಂಟೆ ಸೀರೆ ಉಟ್ಟು ಕನ್ನಡಿಯ ಮುಂದೆ ಕೂತರೆ ಅವರಿಗೆ ಮನಸ್ಸು ಹಗುರ. ತಾನು ಗಂಡಸು ಎಂಬ ಬಗ್ಗೆ ಅವರಲ್ಲಿ ಹಲವರಿಗೆ ಅನುಮಾನವೇ ಇರುವುದಿಲ್ಲ. ಈ ಅಭ್ಯಾಸಕ್ಕೆ ಹಿಂದೆ ಇದ್ದ ಪದ ‘ಟ್ರಾನ್ಸ್‌ವೆಸ್ಟೈಟ್’. ಬರ್ಲಿನ್ನಿನ ವೈದ್ಯ ಮ್ಯಾಗ್ನಸ್ ಹಿರ್ಷ್‌ಫೆಲ್ಡ್ 1910ರಲ್ಲಿ ಅದನ್ನು ಚಲಾವಣೆಗೆ ತಂದರು. ಹಿರ್ಷ್‌ಫೆಲ್ಡ್ ಇಂಥವರ ಪರ ನಿಂತವರೇ. ಆದರೂ ಪದ ರೋಗದ ಪಟ್ಟಿ ಸೇರಿತು, ಡಾಕ್ಟರರ ಶಾಯಿಯ ವಾಸನೆ ಹತ್ತಿತು, ಜನ ಕೈಬಿಟ್ಟರು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಹನ್ನೊಂದನೇ ಪಟ್ಟಿ 2022ರ ಜನವರಿಯಿಂದ ಜಾರಿಗೆ ಬಂದಾಗ ಹಳೆಯ ಪಟ್ಟಿಯಲ್ಲಿದ್ದ ‘ಟ್ರಾನ್ಸ್‌ವೆಸ್ಟಿಸಂ’ನ ಎರಡೂ ನಮೂದುಗಳು ಮಾಯವಾಗಿದ್ದವು. ನೀವೂ ಆ ಪದ ಬಿಡಿ.

ಕನ್ನಡದಲ್ಲಿ ಇದಕ್ಕೆ ನೆಲೆನಿಂತ ಪದ ಇಲ್ಲ. ‘ಅನ್ಯಲಿಂಗ ವಸ್ತ್ರಧಾರಿ’ ಎಂದು ಒಮ್ಮೆ ನಾನೇ ಕಟ್ಟಿದ್ದೆ, ಓದಿದರೆ ಮುನಿಸಿಪಾಲಿಟಿಯ ಆದೇಶದಂತಿತ್ತು. ಈಗ ಕ್ರಾಸ್‌ಡ್ರೆಸ್ಸರ್ ಎಂದೇ ಬರೆಯುತ್ತೇನೆ, ಇಲ್ಲವೇ ಸಲೀಸಾಗಿ ‘ಹೆಣ್ಣುಡುಗೆ ತೊಡುವವರು’ ಎನ್ನುತ್ತೇನೆ. ಅವರವರ ನಡುವೆ ಬರೀ ‘ಸಿಡಿ’. ಅವರ ಇನ್ನೂ ಕೆಲವು ಮಾತುಗಳು ಗೊತ್ತಿರಲಿ. ಹೆಣ್ಣುಡುಗೆಯಲ್ಲಿ ಇರುವುದು ‘ಎನ್ ಫೆಮ್’, ಮಾಮೂಲಿ ಪ್ಯಾಂಟು ಶರ್ಟಿನಲ್ಲಿ ಇರುವುದು ‘ಡ್ರ್ಯಾಬ್’. ಯಾರಿಗೂ ಹೇಳದೆ ಇಟ್ಟುಕೊಂಡಿರುವುದು ‘ಕ್ಲಾಸೆಟ್’. ಬೀದಿಯಲ್ಲಿ ಯಾರೂ ತಿರುಗಿ ನೋಡದಂತೆ ಹೆಣ್ಣಾಗಿ ದಾಟಿ ಹೋಗುವುದು ‘ಪಾಸಿಂಗ್’, ಯಾರೋ ಗುರುತು ಹಿಡಿದರೆ ‘ಕ್ಲಾಕ್’ ಆಯಿತು. ಹೊಸ ಉಮೇದಿನಲ್ಲಿ ಸಂಬಳವೆಲ್ಲ ಸೀರೆ, ವಿಗ್ಗು, ಲಿಪ್‌ಸ್ಟಿಕ್ಕಿಗೆ ಸುರಿದು ಮೈಮರೆಯುವುದಕ್ಕೆ ‘ಪಿಂಕ್ ಫಾಗ್’, ಗುಲಾಬಿ ಮಂಜು.

ಇವೆಲ್ಲಕ್ಕಿಂತ ನನಗೆ ನಾಟಿದ ಪದ ‘ಪರ್ಜ್’. ಬೆಂಗಳೂರಿನ ಪಿ.ಜಿ. ಒಂದರಲ್ಲಿದ್ದ ಪರಿಚಯದವರು ಹೇಳಿದ್ದು. ಊರಿಂದ ಹೆಣ್ಣು ನೋಡಲು ಬಾ ಎಂದು ಫೋನ್ ಬಂದ ರಾತ್ರಿ ಎರಡು ಸೀರೆ, ಮೂರು ರವಿಕೆ, ಆನ್‌ಲೈನಿನಲ್ಲಿ ಹುಡುಕಿ ಹುಡುಕಿ ತರಿಸಿದ ಒಂಬತ್ತನೇ ನಂಬರಿನ ಹೆಂಗಸರ ಚಪ್ಪಲಿ, ಎಲ್ಲವನ್ನೂ ಕಪ್ಪು ಚೀಲಕ್ಕೆ ತುಂಬಿದರಂತೆ. ಬೆಳಗ್ಗೆ ಆರೂವರೆಗೆ ಕಸದ ಆಟೋದ ಹಾಡು ಕೇಳಿದ್ದೇ ಇಳಿದು ಹೋಗಿ ಒಣ ಕಸ ಎಂದು ಕೊಟ್ಟರು. ಇನ್ನು ಮುಗಿಯಿತು ಎಂದುಕೊಂಡರು. ಆರು ತಿಂಗಳಿಗೆ ಮತ್ತೆ ಅದೇ ನಂಬರಿನ ಚಪ್ಪಲಿ ಹುಡುಕುತ್ತಿದ್ದರು. ಹೀಗೆ ನಾಚಿಕೆ, ಹೆದರಿಕೆಯಲ್ಲಿ ಎಲ್ಲ ಎಸೆದು ಕೈತೊಳೆದುಕೊಳ್ಳುವುದೇ ಪರ್ಜ್. ಗಂಡನ ಕಪಾಟಿನಲ್ಲಿ ಸೀರೆ ಸಿಕ್ಕಿ ದಿಗಿಲಾದ ಹೆಂಡತಿಗೆ ಈ ಒಂದು ಪದ ಗೊತ್ತಿದ್ದರೂ, ಇದು ತನ್ನ ಮನೆಯಲ್ಲಿ ಮಾತ್ರ ನಡೆದದ್ದಲ್ಲ ಎಂದಾದರೂ ತಿಳಿಯುತ್ತದೆ.

ನಾಲ್ಕನೆಯವರು ಟ್ರಾನ್ಸ್ ಮಹಿಳೆ. ಅವರು ಉಟ್ಟಿರುವುದು ಅವರ ಸೀರೆ, ಅಷ್ಟೇ. ಪ್ಯಾಂಟು ಹಾಕಿಕೊಂಡು ಬಂದ ದಿನವೂ ಅವರು ಮಹಿಳೆಯೇ.

ಕ್ರಾಸ್‌ಡ್ರೆಸ್ಸರ್ ಎಂದು ಶುರುವಾದ ಕೆಲವರು ವರ್ಷಗಳ ನಂತರ ‘ನಾನು ಟ್ರಾನ್ಸ್ ಮಹಿಳೆ’ ಎಂದು ಕಂಡುಕೊಳ್ಳುವುದುಂಟು. ಕೊನೆಯವರೆಗೂ ಕ್ರಾಸ್‌ಡ್ರೆಸ್ಸರ್ ಆಗಿಯೇ ನೆಮ್ಮದಿಯಾಗಿರುವವರೂ ಉಂಟು. ನೋಡುವವರು ಮುಂಚಿತವಾಗಿ ತೀರ್ಪು ಕೊಡುವುದು ಬೇಡ. ಅಂದ ಹಾಗೆ, ಪ್ಯಾಂಟು ಶರ್ಟು ಹಾಕಿದ ಹೆಂಗಸನ್ನು ಯಾರೂ ಕ್ರಾಸ್‌ಡ್ರೆಸ್ಸರ್ ಎನ್ನುವುದಿಲ್ಲ. ಗಂಡಸಿನ ಬಟ್ಟೆ ಹೆಂಗಸಿಗೆ ಬಡ್ತಿ, ಹೆಂಗಸಿನ ಬಟ್ಟೆ ಗಂಡಸಿಗೆ ಹಿಂಬಡ್ತಿ ಎಂಬ ಲೆಕ್ಕ ಆ ಪದದೊಳಗೇ ಇದೆ.

ಹೆಜ್ಜೆ 3: ಪದದ ಮನೆ ಹುಡುಕಿ

ಗುಡಿಯ ಮಾತುಗಳು. ಸವದತ್ತಿಯ ಎಲ್ಲಮ್ಮ, ಕೊಪ್ಪಳ ಜಿಲ್ಲೆಯ ಹುಲಿಗೆಮ್ಮ ಇವರ ಒಕ್ಕಲಾದವರು ಜೋಗಪ್ಪ, ಜೋಗಮ್ಮ, ಜೋಗತಿ. ಗಂಡಾಗಿ ಹುಟ್ಟಿ ದೇವಿಗೆ ಮುತ್ತು ಕಟ್ಟಿಸಿಕೊಂಡು ಸೀರೆ ಉಟ್ಟವರನ್ನು ಊರವರು ಹೆಚ್ಚಾಗಿ ಜೋಗಪ್ಪ ಎನ್ನುತ್ತಾರೆ, ಅವರಲ್ಲೇ ಹಲವರು ತಮ್ಮನ್ನು ಜೋಗತಿ ಎಂದು ಹೇಳಿಕೊಳ್ಳುತ್ತಾರೆ. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಹಾಗೆ ಹೇಳಿಕೊಂಡೇ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ದೇವಿಯ ಮೂರ್ತಿ ಇರುವ ಬುಟ್ಟಿ ‘ಜಗ’, ತಂತಿ ಮೀಟುವ ವಾದ್ಯ ‘ಚೌಡಿಕೆ’. ‘ನನಗೆ ಹೀಗನ್ನಿಸಿತು’ ಎನ್ನುವುದು ಅಲ್ಲಿಯ ಮಾತಲ್ಲ, ‘ಅವ್ವ ಕಾಡಿದಳು’, ‘ಅವ್ವ ಕರೆದಳು’ ಎನ್ನುವುದೇ ಮಾತು. ಇಲ್ಲಿ ಸಂಪ್ರದಾಯವಾಗಿ ಶಸ್ತ್ರಚಿಕಿತ್ಸೆ ಇಲ್ಲ, ಹಾಗಾಗಿ ‘ಪರಿವರ್ತಿತ’ ಎಂದು ಬರೆದ ನನಗೆ ಆ ಬೈಗುಳ ಸಿಕ್ಕಿದ್ದು. ಇನ್ನೊಂದು ಎಚ್ಚರಿಕೆ: ದೇವರಿಗೆ ಹೆಣ್ಣುಮಕ್ಕಳನ್ನು ಬಿಡುವುದನ್ನು 1982ರ ಕಾಯ್ದೆ ನಿಷೇಧಿಸಿದೆ. ಅದೇ ಮುತ್ತು, ಅದೇ ಗುಡಿ ಎಂಬ ಕಾರಣಕ್ಕೆ ಜೋಗಪ್ಪನನ್ನೂ ದೇವದಾಸಿಯನ್ನೂ ಒಂದೇ ವಾಕ್ಯದಲ್ಲಿ ಕಲಸಬೇಡಿ.

ಹಮಾಮಿನ ಮಾತುಗಳು. ಹಿಜ್ರಾ ಸಮುದಾಯದ್ದು ಬೇರೆಯೇ ಮನೆ. ಬೆಂಗಳೂರಿನಲ್ಲಿ ಅವರು ಒಟ್ಟಿಗೆ ಬಾಳುವ, ಒಂದು ಕಾಲಕ್ಕೆ ಬಿಸಿನೀರಿನ ಸ್ನಾನದಂಗಡಿಯೂ ಆಗಿದ್ದ ಮನೆಗೆ ಹಮಾಮ್ ಎನ್ನುತ್ತಾರೆ. ಮಾತು ದಖ್ಖನಿ ಉರ್ದುವಿನ ದಾರಿಯಲ್ಲಿ ಬಂದದ್ದು. ಮಂಡ್ಯದಿಂದ ಬಂದ ಕನ್ನಡದ ಹುಡುಗಿಯೂ ಇಲ್ಲಿಗೆ ಬಂದ ಮೇಲೆ ಇದನ್ನೇ ಕಲಿಯುತ್ತಾಳೆ. ಆಸರೆ ಕೊಟ್ಟವರು ಗುರು, ಸೇರಿದವರು ಚೇಲಾ, ಗುರುವಿನ ಗುರು ನಾನಿ, ಒಂದೇ ಗುರುವಿನ ಚೇಲಾಗಳು ಗುರುಭಾಯಿ. ಹಿರಿಯರಿಗೆ ನಮಸ್ಕಾರ ‘ಪಾಂವ್ ಪಡ್ತಿ’. ಹಿರಿಯರ ಪಂಚಾಯಿತಿ ಜಮಾತ್. ಮಗು ಹುಟ್ಟಿದ ಮನೆಗೆ ಹೋಗಿ ಹರಸಿ ಪಡೆಯುವುದು ಬಧಾಯಿ. ಸೀರೆಗೆ, ಹೆಣ್ಣುಡುಗೆಗೆ ‘ಸಾಟ್ಲಾ’.

ಕನ್ನಡದ ಓದುಗರು ಎಡವುವುದು ಇಲ್ಲೇ. ‘ಕೋತಿ’ ಎಂದರೆ ಇಲ್ಲಿ ಮಂಗ ಅಲ್ಲ, ಹೆಣ್ಣಿನ ಭಾವದ, ಗಂಡಾಗಿ ಹುಟ್ಟಿದ ವ್ಯಕ್ತಿ. ‘ಪಂತಿ’ ಊಟದ ಸಾಲಲ್ಲ, ಕೋತಿಗಳು ಗಂಡಸಿಗೆ, ತಮ್ಮ ಜೊತೆಗಾರನಿಗೆ ಇಟ್ಟ ಹೆಸರು. ‘ನಿರ್ವಾಣ’ ಬುದ್ಧನದ್ದಲ್ಲ, ಗಂಡಿನ ಅಂಗ ತೆಗೆಸಿಕೊಳ್ಳುವ ಶಸ್ತ್ರಕ್ರಿಯೆ. ಅದಾಗದವರು ‘ಅಕ್ವಾ’. ಈ ಪದಗಳನ್ನು ಅಚ್ಚು ಮಾಡುವಾಗ ಮೊದಲ ಸಲ ಬಂದಲ್ಲೇ ಒಂದು ಸಾಲಿನ ವಿವರಣೆ ಕೊಡಿ, ಇಲ್ಲದಿದ್ದರೆ ‘ಕೋತಿಗಳ ಸಮಾವೇಶ’ ಎಂಬ ಶೀರ್ಷಿಕೆ ಓದಿ ಜನ ನಗುತ್ತಾರೆ. ಪದ ಗೊತ್ತು ಎಂದ ಮಾತ್ರಕ್ಕೆ ಎದುರಿಗಿದ್ದವರಿಗೆ ‘ನಿಮ್ಮದು ನಿರ್ವಾಣ ಆಗಿದೆಯಾ’ ಎಂದು ಕೇಳುವ ಅಧಿಕಾರ ಬರುವುದಿಲ್ಲ. ಅದು ಜಮಾತಿನ ಒಳಮಾತು. ಹೊರಗಿನವರು ಅವರ ಚಪ್ಪಾಳೆಯನ್ನು ನಕಲು ಮಾಡುವುದೂ ಅಷ್ಟೇ ಕೆಟ್ಟದ್ದು.

‘ಮಂಗಳಮುಖಿ’ ಕರ್ನಾಟಕದವರಿಗೆ ಹತ್ತಿರದ ಮಾತು. ಗೃಹಪ್ರವೇಶದಲ್ಲಿ, ಅಂಗಡಿ ಪೂಜೆಯಲ್ಲಿ ಅವರ ಹಾರೈಕೆ ಶುಭ ಎಂಬ ನಂಬಿಕೆಯಿಂದ ಬಂದ ಮರ್ಯಾದೆಯ ಹೆಸರು. ಆದರೆ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವ ಟ್ರಾನ್ಸ್ ಮಹಿಳೆಯನ್ನು ಮಂಗಳಮುಖಿ ಎಂದರೆ, ‘ನಾನ್ಯಾಕೆ ಯಾರಿಗೋ ಮಂಗಳ ಮಾಡಬೇಕು?’ ಎಂದು ಕೇಳಿಯಾರು, ನ್ಯಾಯವೂ ಹೌದು. ‘ತೃತೀಯ ಲಿಂಗಿ’ಗೂ ಇಂಥದೇ ಆಕ್ಷೇಪ. 2014ರ ಏಪ್ರಿಲ್ 15ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಮಾನ್ಯ ಮಾಡಿದ ಪದ ಅದು, ಹಿಜ್ರಾ ಸಮುದಾಯದ ಹಲವರಿಗೆ ಹೆಮ್ಮೆಯದೂ ಹೌದು. ಆದರೆ ತಾನು ಮಹಿಳೆ ಎನ್ನುವ ಟ್ರಾನ್ಸ್ ಮಹಿಳೆಗೆ ಮೂರನೇ ನಂಬರು ಯಾಕೆ ಬೇಕು? ಮತ್ತೆ ಒಂದನೇ ನಂಬರು ಯಾರಿಗೆ ಕೊಟ್ಟಿರಿ ಎಂಬ ಪ್ರಶ್ನೆ ಬೇರೆ.

ಹೆಣ್ಣಾಗಿ ಹುಟ್ಟಿ ಗಂಡಾಗಿ ಬದುಕುವ ಟ್ರಾನ್ಸ್ ಪುರುಷರಿಗೆ ಈ ಯಾವ ಮನೆಯಲ್ಲೂ ಜಾಗ ಇರಲಿಲ್ಲ. ಅವರಿಗೆ ಜಮಾತ್ ಇಲ್ಲ, ಬಧಾಯಿ ಇಲ್ಲ. ಕನ್ನಡ ಅವರಿಗೆ ಕೊಟ್ಟದ್ದು ‘ಗಂಡುಬೀರಿ’ ಒಂದೇ. ಹಾಗಾಗಿ ಅವರ ಮಾತುಗಳೆಲ್ಲ ಮೊಬೈಲಿನಿಂದ ಬಂದವು: ಟ್ರಾನ್ಸ್ ಮ್ಯಾನ್, ಎದೆ ಚಪ್ಪಟೆ ಕಾಣಲು ತೊಡುವ ‘ಬೈಂಡರ್’, ಟೆಸ್ಟೋಸ್ಟಿರಾನ್ ಹಾರ್ಮೋನಿಗೆ ಬರೀ ‘ಟಿ’, ಎದೆಯ ಶಸ್ತ್ರಚಿಕಿತ್ಸೆಗೆ ‘ಟಾಪ್ ಸರ್ಜರಿ’. ಬೈಂಡರ್ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ: ಅದನ್ನು ಎಂಟು ಗಂಟೆಗಿಂತ ಹೆಚ್ಚು ತೊಡಬಾರದು, ತೊಟ್ಟು ಮಲಗಬಾರದು, ಮೆಡಿಕಲ್ ಶಾಪಿನ ಕ್ರೇಪ್ ಬ್ಯಾಂಡೇಜನ್ನು ಅದರ ಬದಲಿಗೆ ಸುತ್ತಲೇಬಾರದು. ಉಸಿರಾಟಕ್ಕೂ ಪಕ್ಕೆಲುಬಿಗೂ ಅಪಾಯ.

ಗಂಡು ಹೆಣ್ಣು ಎರಡೂ ಅಲ್ಲ ಎನ್ನುವವರು ‘ನಾನ್‌ಬೈನರಿ’, ದಿನಕ್ಕೊಂದು ರೀತಿ ಹರಿಯುವವರು ‘ಜೆಂಡರ್ ಫ್ಲೂಯಿಡ್’. ಇವೂ ಮೊಬೈಲಿನ ಮಾತುಗಳೇ. ಕನ್ನಡ ಮಾಡಲು ಹೋಗಿ ಹೆಣಗಬೇಡಿ.

ಹೆಜ್ಜೆ 4: ಕನ್ನಡದ ವ್ಯಾಕರಣವನ್ನೇ ಕೆಲಸಕ್ಕೆ ಹಚ್ಚಿ

ಇಂಗ್ಲಿಷಿನವರು ಸರ್ವನಾಮಕ್ಕಾಗಿ ದೊಡ್ಡ ಜಗಳ ಮಾಡಿಕೊಂಡರು. ನಮ್ಮಲ್ಲಿ ಪರಿಹಾರ ಮೊದಲಿನಿಂದಲೂ ಇದೆ, ‘ಅವರು’. ಗಂಡಿಗೂ ಹೆಣ್ಣಿಗೂ ನಡುವಿನವರಿಗೂ ಒಂದೇ, ಮೇಲೆ ಮರ್ಯಾದೆ ಬೇರೆ. ಗೊತ್ತಿಲ್ಲದಿದ್ದಾಗ ‘ಅವರು ಬಂದರು’ ಎಂದುಬಿಡಿ, ಯಾರಿಗೂ ನೋವಿಲ್ಲ.

ಇನ್ನೂ ಸೋಜಿಗದ್ದು ನಮ್ಮ ಉತ್ತಮ ಪುರುಷ. ಹಿಂದಿಯಲ್ಲಿ ‘ನಾನು ಹೋಗುತ್ತೇನೆ’ ಎನ್ನಲು ಜಾತಾ, ಜಾತೀ ಎಂದು ಆರಿಸಲೇಬೇಕು, ಬಾಯಿ ತೆರೆದರೆ ಗುಟ್ಟು ರಟ್ಟು. ಕನ್ನಡದಲ್ಲಿ ‘ನಾನು ಹೋಗ್ತೀನಿ’ ಎಂಬುದಕ್ಕೆ ಲಿಂಗವೇ ಇಲ್ಲ. ಮನೆಯಲ್ಲಿ ಯಾರಿಗೂ ಹೇಳಿಕೊಳ್ಳದ ಟ್ರಾನ್ಸ್ ಹುಡುಗಿ ತನ್ನ ಬಗ್ಗೆ ಒಂದೂ ಸುಳ್ಳಾಡದೆ ಜೀವಮಾನವಿಡೀ ಕನ್ನಡದಲ್ಲಿ ಮಾತಾಡಬಹುದು. ಸಂಗಾತಿಯ ಮಾತು ಬಂದರೆ ‘ನಮ್ಮನೆಯವರು’ ಇದ್ದೇ ಇದೆ.

ಬರೆಯುವಾಗ ತೊಡಕಾಗುವುದು ಪ್ರಥಮ ಪುರುಷದ ಏಕವಚನದಲ್ಲಿ, ಹಳ್ಳಿಯ ಬಾಲ್ಯದ ಕತೆ ಹೇಳುವಾಗ. ‘ಅವನು ಹುಡುಗನಾಗಿದ್ದಾಗ ಅಕ್ಕನ ಲಂಗ ಹಾಕಿಕೊಳ್ಳುತ್ತಿದ್ದ’ ಎಂದು ಬರೆದು, ಮುಂದಿನ ಪ್ಯಾರಾದಲ್ಲಿ ‘ಅವಳು’ ಎಂದು ಹೊರಳಬೇಡಿ. ‘ಚಿಕ್ಕವರಿದ್ದಾಗ ಅಕ್ಕನ ಲಂಗ ಹಾಕಿಕೊಳ್ಳುತ್ತಿದ್ದರು’ ಎಂದರೆ ಕತೆಯೂ ಉಳಿಯಿತು, ಮನುಷ್ಯರೂ ಉಳಿದರು. ‘ಬಂದವನು’ ಬದಲು ‘ಬಂದವರು’, ನಟ ನಟಿ ಬದಲು ‘ಕಲಾವಿದರು’, ‘ಅಧ್ಯಕ್ಷೆ’ ಬೇಕೋ ‘ಅಧ್ಯಕ್ಷರು’ ಬೇಕೋ ಎಂದು ಅವರನ್ನೇ ಕೇಳಿ. ತಾನು ಹೆಣ್ಣು ಎಂದು ಸ್ಪಷ್ಟವಾಗಿ ಹೇಳಿಕೊಂಡವರನ್ನು ಮಾತ್ರ ‘ಅವರು’ ಎಂಬುದರ ಹಿಂದೆ ಬಚ್ಚಿಡಬೇಡಿ. ಬೇರೆ ಹೆಂಗಸರಿಗೆ ‘ಆಕೆ’ ಎನ್ನುವ ಲೇಖನದಲ್ಲಿ ಅವರಿಗೂ ಆಕೆಯೇ.

‘ಅದು’ ಬೇಡವೇ ಬೇಡ. ‘ಅದು ಬಂತು ನೋಡು’ ಎನ್ನುವ ಒಂದು ಮಾತಿನಲ್ಲಿ ಮನುಷ್ಯರನ್ನು ವಸ್ತು ಮಾಡಿ ಪಕ್ಕಕ್ಕಿಟ್ಟ ಹಾಗಾಗುತ್ತದೆ. ಹವ್ಯಕರ ಮನೆಮಾತಿನಲ್ಲಿ ಅಮ್ಮ ಅಕ್ಕಂದಿರಿಗೂ ‘ಅದು’ ಎನ್ನುವುದುಂಟು, ಅಲ್ಲಿ ಅದು ಪ್ರೀತಿ. ಆ ನೆಪ ಹೇಳಿಕೊಂಡು ಬಸ್‌ಸ್ಟ್ಯಾಂಡಿನಲ್ಲಿ ಬಳಸಬೇಡಿ.

ಎದುರುಬದುರು ಕೂತಾಗ ‘ನಿಮ್ಮ ಲಿಂಗತ್ವ ಗುರುತು ಯಾವುದು’ ಎಂದು ಯಾವ ಕನ್ನಡಿಗರೂ ಕೇಳುವುದಿಲ್ಲ. ‘ನಿಮ್ಮನ್ನ ಏನಂತ ಕರೀಲಿ?’ ಎನ್ನಿ. ಹೆಸರು ಹೇಳುತ್ತಾರೆ. ಅಕ್ಕ ಅನ್ನಲೋ, ಅಣ್ಣ ಅನ್ನಲೋ ಎಂಬುದು ಅದರಲ್ಲೇ ಸಿಗುತ್ತದೆ. ಹಳೆಯ ಹೆಸರಿಗೆ ಈಗ ‘ಡೆಡ್‌ನೇಮ್’ ಎನ್ನುತ್ತಾರೆ, ಸತ್ತ ಹೆಸರು. ಸತ್ತವರ ಹೆಸರು ಹಿಡಿದು ಕರೆಯಬಾರದು ಎಂಬುದು ನಮಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ಕೋರ್ಟು ಕಾಗದ, ಬ್ಯಾಂಕ್ ಪಾಸ್‌ಬುಕ್ಕು ಬಿಟ್ಟರೆ ಬೇರೆಲ್ಲೂ ಅದನ್ನು ಎತ್ತಬೇಡಿ. ಬಾಯಿ ತಪ್ಪಿ ಬಂದರೆ ತಿದ್ದಿಕೊಂಡು ಮುಂದೆ ಹೋಗಿ. ಹತ್ತು ನಿಮಿಷ ಕ್ಷಮೆ ಕೇಳಿದರೆ ಕೊನೆಗೆ ಅವರೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ.

ಹೆಜ್ಜೆ 5: ಆಸ್ಪತ್ರೆಯ ಮಾತು ಆಸ್ಪತ್ರೆಯಲ್ಲಿ

ಮೈಗೂ ಮನಸ್ಸಿಗೂ ಹೊಂದದೆ ಆಗುವ ತಳಮಳ ‘ಡಿಸ್ಫೋರಿಯಾ’. ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ‘ಕಾಯಿಲೆ’ ಎಂಬ ಪದ ತೆಗೆದು ಇದನ್ನು ಹಾಕಿತು. ಸರಿಯಾದ ಹೆಸರಿನಲ್ಲಿ ಯಾರೋ ಕರೆದಾಗ ಆಗುವ ಹಿಗ್ಗು ‘ಯುಫೋರಿಯಾ’. ‘ಲಿಂಗ ಬದಲಾವಣೆ ಆಪರೇಶನ್’ ಎನ್ನುವ ಬದಲು ‘ಲಿಂಗತ್ವ ದೃಢೀಕರಣ ಶಸ್ತ್ರಚಿಕಿತ್ಸೆ’ ಎನ್ನುವುದು ಈಗಿನ ರೂಢಿ. ಉದ್ದವಾಯಿತು ನಿಜ. ಆದರೆ ‘ನಾನು ಬದಲಾಗಲಿಲ್ಲ, ಇದ್ದದ್ದನ್ನು ಗಟ್ಟಿ ಮಾಡಿಕೊಂಡೆ’ ಎನ್ನುವವರ ಮಾತು ಅದರಲ್ಲಿದೆ. ಎಲ್ಲ ಟ್ರಾನ್ಸ್ ಜನ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವುದೂ ಇಲ್ಲ, ಬಯಸುವುದೂ ಇಲ್ಲ.

ಹೆಜ್ಜೆ 6: ಕೆಲವು ಪದಗಳನ್ನು ಕೆಳಗಿಡಿ

ಚಕ್ಕಾ, ಒಂಬತ್ತು, ಖೋಜಾ, ಹೆಣ್ಣಿಗ. ವಿವರಣೆ ಬೇಕಿಲ್ಲ. ಸಮುದಾಯದವರು ತಮ್ಮ ತಮ್ಮಲ್ಲಿ ತಮಾಷೆಗೆ ಇದರಲ್ಲೊಂದನ್ನು ಆಡಿಕೊಂಡರೆ ಅದು ಅವರ ಮನೆಯ ತಮಾಷೆ. ನಮ್ಮ ರಾಜಕಾರಣಿಗಳಿಗೆ ಪ್ರಿಯವಾದ ‘ಶಿಖಂಡಿ’, ‘ನಪುಂಸಕ ಸರ್ಕಾರ’, ‘ಬಳೆ ತೊಟ್ಟುಕೊಳ್ಳಲಿ’ ಎಲ್ಲ ಇದೇ ಚೀಲದವು. ಎದುರಾಳಿಯನ್ನು ಬೈಯಲು ಇವರಿಗೆ ಇಡೀ ಸಮುದಾಯವೇ ಬೇಕು.

ಪದ ಬರೀ ಗಾಳಿಯಲ್ಲಿ ಹೋಗುವ ಮಾತಲ್ಲ ಎಂಬುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಬ್ರಿಟಿಷರು 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯಲ್ಲಿ ‘ಯೂನಕ್’ (ನಪುಂಸಕ) ಎಂದು ಬರೆದು ಹಿಜ್ರಾಗಳನ್ನು ಪೊಲೀಸ್ ರಿಜಿಸ್ಟರಿಗೆ ಏರಿಸಿದ್ದರು. ಸ್ವಾತಂತ್ರ್ಯ ಬಂದು ಅರವತ್ತು ವರ್ಷ ಕಳೆದ ಮೇಲೆ, 2011ರಲ್ಲಿ, ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಂ ಸೇರಿತು. ಅದರಲ್ಲೂ ಅದೇ ಯೂನಕ್, ಅದೇ ರಿಜಿಸ್ಟರ್. ಸಮುದಾಯದವರು ಹೈಕೋರ್ಟಿಗೆ ಹೋದರು, ಕೊನೆಗೆ ಆ ಪದ ತೆಗೆದು ‘ವ್ಯಕ್ತಿಗಳು’ ಎಂದು ತಿದ್ದಲಾಯಿತು. ಅಷ್ಟು ವರ್ಷ ಒಂದು ನಾಮಪದದ ಮೇಲೆ ಪೊಲೀಸರ ಕೈ ಇತ್ತು.

ಹೆಜ್ಜೆ 7: ಅರ್ಜಿಯಲ್ಲಿ ಅರ್ಜಿಯದೇ ಪದ

ಇಲ್ಲಿ ನನ್ನ ಸಲಹೆ ಸ್ವಲ್ಪ ಉಲ್ಟಾ. ಮೇಲೆ ಹೇಳಿದ ಸೂಕ್ಷ್ಮಗಳನ್ನೆಲ್ಲ ಕಚೇರಿಯ ಬಾಗಿಲಲ್ಲಿ ಬಿಟ್ಟು ಹೋಗಿ. ಕರ್ನಾಟಕದ ಕಡತಗಳಲ್ಲಿ ಓಡುವ ಪದ ‘ಲಿಂಗತ್ವ ಅಲ್ಪಸಂಖ್ಯಾತರು’. ‘ಮೈತ್ರಿ’ ಮಾಸಾಶನಕ್ಕೂ, ಮಹಿಳಾ ಅಭಿವೃದ್ಧಿ ನಿಗಮದ ಪುನರ್ವಸತಿ ಯೋಜನೆಗೂ, 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯ ಉಚಿತ ಬಸ್ಸಿಗೂ ಅದೇ. ಸರ್ಕಾರಿ ನೌಕರಿಯಲ್ಲಿ 2021ರ ಜುಲೈನಲ್ಲಿ ಬಂದ ಶೇಕಡ 1ರ ಮೀಸಲಾತಿಗೆ ಅರ್ಜಿಯಲ್ಲಿ ಪುರುಷ, ಮಹಿಳೆಯ ಪಕ್ಕ ‘ಇತರೆ’ ಎಂಬ ಕಾಲಂ ಇರುತ್ತದೆ. ಮತದಾರರ ಪಟ್ಟಿಗೆ 2009ರಲ್ಲಿ ಬಂದದ್ದೂ ಅದೇ ‘ಇತರೆ’. ಇತರೆ ಎಂದರೆ ಉಳಿದದ್ದು, ಮಿಕ್ಕಿದ್ದು. ನನಗೂ ಇಷ್ಟವಿಲ್ಲ. ಆದರೂ ಗುರುತು ಹಾಕಿ. 2011ರ ಜನಗಣತಿಯಲ್ಲಿ ಕರ್ನಾಟಕದ 20,266 ಜನ ಲೆಕ್ಕಕ್ಕೆ ಸಿಕ್ಕಿದ್ದು ಆ ಕಾಲಂನಿಂದಲೇ.

ಗುರುತಿನ ಪ್ರಮಾಣಪತ್ರಕ್ಕೆ 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆಯ ಕಾಯ್ದೆ ಎರಡು ದಾರಿ ಹಾಕಿಕೊಟ್ಟಿತು: ಆರನೇ ಕಲಮಿನಲ್ಲಿ ಜಿಲ್ಲಾಧಿಕಾರಿ ‘ಟ್ರಾನ್ಸ್‌ಜೆಂಡರ್’ ಎಂದು ಕೊಡುವ ಪತ್ರ, ಏಳನೇ ಕಲಮಿನಲ್ಲಿ ಶಸ್ತ್ರಚಿಕಿತ್ಸೆಯ ನಂತರ ‘ಪುರುಷ’ ಅಥವಾ ‘ಮಹಿಳೆ’ ಎಂದು ತಿದ್ದಿಸಿಕೊಳ್ಳುವ ಪತ್ರ. ಕಾನೂನಿನ ಮಾತು, ನಮೂನೆ ಬದಲಾಗುತ್ತ ಇರುತ್ತವೆ, ಅರ್ಜಿ ಹಾಕುವ ದಿನ ಚಾಲ್ತಿಯಲ್ಲಿರುವುದನ್ನು ಕಚೇರಿಯಲ್ಲೇ ಕೇಳಿ ಖಚಿತ ಮಾಡಿಕೊಳ್ಳಿ. ಪಾಸಾದ ರೂಪದಲ್ಲಿ ಆ ಕಾಯ್ದೆಯ ವ್ಯಾಖ್ಯೆ ಕಿನ್ನರ್, ಹಿಜ್ರಾ, ಅರವಾನಿ, ಜೋಗ್ತಾ ಎಂದು ಹೆಸರಿಸಿತ್ತು. ನಮ್ಮ ‘ಜೋಗಪ್ಪ’ 2014ರ ತೀರ್ಪಿನಲ್ಲಿ ‘ಜೋಗ್ತಾ’ನ ಜೊತೆಗೇ ಇದ್ದ, ಕಾಯ್ದೆಗೆ ಬರುವಷ್ಟರಲ್ಲಿ ‘ಜೋಗ್ತಾ’ ಮಾತ್ರ ಉಳಿದಿದ್ದ. ಕ್ರಾಸ್‌ಡ್ರೆಸ್ಸರ್ ಆ ಪಟ್ಟಿಯಲ್ಲಿ ಇರಲಿಲ್ಲ.

ಅರ್ಜಿ ತುಂಬಿಸಿಕೊಡುವವರು ಒಂದು ಕೆಲಸ ತಪ್ಪದೆ ಮಾಡಿ. ಹೊಸ ಹೆಸರಿನ ಕಾಗುಣಿತವನ್ನು ಒಂದು ಬಿಳಿ ಹಾಳೆಯಲ್ಲಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ, ಅವರ ಕೈಯಿಂದಲೇ ಬರೆಸಿಕೊಂಡು ಪ್ರಮಾಣಪತ್ರ, ಆಧಾರ್, ಬ್ಯಾಂಕು ಮೂರಕ್ಕೂ ಅದನ್ನೇ ನೋಡಿ ನಕಲು ಮಾಡಿ. ಒಂದು ಕಡೆ ಒಂದು ‘ಎ’ ಹೆಚ್ಚಾದರೂ ಮತ್ತೆ ಮೊದಲಿನಿಂದ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ, ಆಗ ಕೌಂಟರಿನವರು ಜೋರಾಗಿ ಕೂಗುವುದು ಹಳೆಯ ಹೆಸರನ್ನೇ.